ಚೌತಿ ಚಂದ್ರನೂ ಇನ್ನೂರು ಮೆಗಾಪಿಕ್ಸೆಲ್ಲೂ

ಹಿಡ್ಕೊಂಡು ನೋಡಿ ಮೇಷ್ಟ್ರೇ, ಪರವಾಗಿಲ್ಲ. ಎರಡೂ ಕೈಲಿ ಹಿಡ್ಕೊಳ್ಳಿ ಅಷ್ಟೆ. 232 ಗ್ರಾಂ ಅಂತ ಕಂಪನಿಯವರೇ ಬರ್ಕೊಂಡಿದಾರೆ, ಮೇಲೆ ನಾನು ಹಾಕಿರೋ ಕವರಿನ ಭಾರ ಬೇರೆ. ಕಾಂಪೌಂಡ್ ಮೇಲಿಂದ ಜಾರಿದ್ರೆ ಫೋನಿಗಲ್ಲ, ನಿಮ್ಮ ದಾಸವಾಳದ ಗಿಡಕ್ಕೇ ಪೆಟ್ಟು.

ಏನು, ನಿಮ್ಮ ಮಗ ಇಂಥದ್ದೇ ಕೊಡಿಸ್ತೀನಿ ಅಂತಿದಾನಾ? ಹಾಗಿದ್ರೆ ಬೇರೆ ಯಾರನ್ನೂ ಕೇಳ್ಬೇಡಿ, ನನ್ನ ಕೇಳಿ. ಯೂಟ್ಯೂಬಲ್ಲಿ ಡಬ್ಬ ಬಿಚ್ಚಿ ತೋರಿಸ್ತಾರಲ್ಲ ಹುಡುಗರು, ವಾರ ಕಳೆಯೋದ್ರೊಳಗೆ ಅವರು ಇನ್ನೊಂದು ಡಬ್ಬಕ್ಕೆ ಹೋಗಿರ್ತಾರೆ. ಇದರ ಜೊತೆ ಸಂಸಾರ ಮಾಡ್ತಿರೋಳು ನಾನು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಅಲ್ಟ್ರಾ ಅಂತ ಇದರ ಪೂರ್ತಿ ಹೆಸರು. 2024ರ ಜನವರಿಯಲ್ಲಿ ಬಂದಿದ್ದು. ನಮ್ಮಲ್ಲಿ ಶುರುವಿನ ಬೆಲೆ 1,29,999 ರೂಪಾಯಿ. ಆ ಒಂದು ರೂಪಾಯಿ ಯಾಕೆ ಬಿಟ್ರು ಅಂತ, ಜೀವಮಾನವೆಲ್ಲ ಬ್ಯಾಂಕಲ್ಲಿ ದುಡ್ಡೆಣಿಸಿದ ನನಗೇ ತಿಳೀಲಿಲ್ಲ.

ನಮ್ಮ ಅತ್ತಿಗೆ ಬೆಲೆ ಕೇಳಿದವರೇ ಮನಸ್ಸಲ್ಲೇ ಭಾಗಾಕಾರ ಮಾಡಿ, "ಅಷ್ಟಕ್ಕೆ 20 ಗ್ರಾಂ ಬಂಗಾರ ಬರ್ತಿತ್ತಲ್ಲೇ!" ಅಂದ್ರು. ಲೆಕ್ಕ ಸರಿಯಾಗೇ ಇತ್ತು. ಆಮೇಲೆ ಬಂಗಾರ ಏರಿದ್ದು ಏರಿದ್ದೇ, ಇದರ ಬೆಲೆ ಇಳಿದಿದ್ದು ಇಳಿದಿದ್ದೇ. ಮಾರನೇ ವರ್ಷ ಎಸ್25 ಬಂತಲ್ಲ, ಅವತ್ತಂತೂ ಅತ್ತಿಗೆ ನನಗೆ ಸಾಂತ್ವನ ಹೇಳೋಕೇ ಫೋನ್ ಮಾಡಿದ್ರು. ಅಲ್ಲ ಮೇಷ್ಟ್ರೇ, ಬಂಗಾರ ಲಾಕರಲ್ಲಿ ಮಲಗಿರುತ್ತೆ, ಯಾರದೋ ಮದುವೆಗೆ ಎದ್ದು ಬರುತ್ತೆ. ಇದು ಬೆಳಗಿನ ಸುಪ್ರಭಾತದಿಂದ ರಾತ್ರಿ ಬಿ.ಪಿ. ಮಾತ್ರೆ ಅಲಾರಂವರೆಗೂ ಕೈಯಲ್ಲೇ ಇರುತ್ತೆ. ಎರಡನ್ನೂ ಒಂದೇ ತಕ್ಕಡೀಲಿ ಹಾಕೋದು ಯಾವ ನ್ಯಾಯ? ಅತ್ತಿಗೆ ಒಪ್ಪಲಿಲ್ಲ ಬಿಡಿ.

ಚೌಕಟ್ಟು ಟೈಟಾನಿಯಂ. ಹಿಂದಿನ ವರ್ಷದ್ದರಲ್ಲಿ ಅಲ್ಯುಮಿನಿಯಂ ಇತ್ತಂತೆ, ಇದಕ್ಕೆ ಬಡ್ತಿ ಕೊಟ್ಟಿದಾರೆ. ಜಾಹೀರಾತಲ್ಲಿ ಆ ಲೋಹದ ಬಣ್ಣ ಏನು, ಹೊಳಪೇನು! ಅಂಗಡಿಯಲ್ಲೇ ಕವರ್ ಹಾಕಿಸ್ಕೊಂಡು ಮನೆಗೆ ಬಂದೆ. ಆಮೇಲೆ ಆ ಟೈಟಾನಿಯಮ್ಮಿನ ದರ್ಶನ ನನಗಾಗಿಲ್ಲ. ಹಿಂದುಗಡೆ ಇರೋದು ಗಾಜು ತಾನೇ, ಕವರ್ ಇಲ್ದೆ ಓಡಾಡೋ ಧೈರ್ಯ ಯಾರಿಗಿದೆ? ಇನ್ನು ಸೀರೆ ಉಡೋರಿಗೆ ಇದನ್ನ ಎಲ್ಲಿ ಇಟ್ಕೋಬೇಕು ಅನ್ನೋದನ್ನ ಆ ಕಂಪನಿಯಲ್ಲಿ ಒಬ್ಬರೂ ಯೋಚನೆ ಮಾಡಿಲ್ಲ. ಸೊಂಟಕ್ಕೆ ಸಿಕ್ಕಿಸೋ ಹಾಗಿಲ್ಲ, ಪರ್ಸಿನ ಬಾಯಿ ಸಾಲಲ್ಲ. ವಾಕಿಂಗಿಗೆ ತರಕಾರಿ ಚೀಲ ಹಿಡ್ಕೊಂಡು ಹೋಗ್ತೀನಿ ಅಂತ ನೀವು ಆಡ್ಕೊಳ್ತಿದ್ರಲ್ಲ, ಅದರೊಳಗೆ ಇರೋದು ಇದೇ.

ದುಡ್ಡಿಗೆ ತಕ್ಕದ್ದು ಏನೂ ಇಲ್ವಾ ಅಂದ್ರೆ ಇದೆ, ಆದರೆ ಅಂಗಡಿಯವನು ಅದರ ಬಗ್ಗೆ ಬಾಯೇ ಬಿಡಲಿಲ್ಲ. ಈ ಮುಂದಿನ ಗಾಜು. ಇಲ್ಲಿ ಬಿಸಿಲಿಗೆ ಹಿಡಿದು ನೋಡಿ. ನಿಮ್ಮ ಮುಖ ಕಾಣಿಸುತ್ತಾ? ಇಲ್ಲ ಅಲ್ವಾ? ಈಗ ನಿಮ್ಮ ಫೋನ್ ಪಕ್ಕಕ್ಕಿಡಿ. ನೋಡಿದ್ರಾ, ಅದರಲ್ಲಿ ನೀವು, ನಾನು, ಹಿಂದಿನ ತೆಂಗಿನ ಮರ, ಎಲ್ಲ ಕಾಣ್ತಿದೀವಿ, ಮೆಸೇಜ್ ಒಂದು ಬಿಟ್ಟು. ಇದಕ್ಕೆ ಗೊರಿಲ್ಲಾ ಆರ್ಮರ್ ಅಂತಾರೆ. ಕಾರ್ನಿಂಗ್ ಅನ್ನೋ ಅಮೆರಿಕದ ಗಾಜಿನ ಕಂಪನಿ ಮಾಡಿದ್ದು. ಪ್ರತಿಫಲನ ಶೇ. 75ರವರೆಗೂ ಕಡಿಮೆಯಾಗುತ್ತೆ ಅಂತ ಅವರ ಮಾತು. ಶೇಕಡಾ ಎಷ್ಟೋ ನನಗೆ ಬೇಡ, ಬೇಸಿಗೇಲಿ ತಾರಸಿ ಮೇಲೆ ಸಂಡಿಗೆ ಕಾಯ್ತಾ ಕೂತಾಗ ಕೊಡೆ ಮರೆ ಮಾಡ್ಕೊಳ್ದೆ ಓದೋಕಾಗುತ್ತೆ, ಅಷ್ಟು ಸಾಕು. ಪರದೆ ಬೆಳಕೂ ಜೋರೇ, 2,600 ನಿಟ್ಸ್‌ವರೆಗೂ ಹೋಗುತ್ತಂತೆ. ಕನ್ನಡಕ ಹಾಕೋರಿಗೆ ಇನ್ನೊಂದು ಅನುಕೂಲ: 6.8 ಇಂಚಿನ ಪರದೆ, ಅಕ್ಷರ ಎಷ್ಟು ದಪ್ಪ ಮಾಡ್ಕೊಂಡ್ರೂ ಸಾಲಿಗೆ ಎರಡೇ ಪದ ಅನ್ನೋ ಗತಿ ಬರಲ್ಲ.

ಈಗ ತಮಾಷೆ ಕೇಳಿ. ಫೋನ್ ಕೊಂಡವರೆಲ್ಲ ಮೊದಲು ಮಾಡೋ ಕೆಲಸ ಏನು ಹೇಳಿ? ಬೀದಿ ಕೊನೆ ಮೊಬೈಲ್ ಅಂಗಡಿಗೆ ಹೋಗಿ ಇನ್ನೂರು ರೂಪಾಯಿ ಟೆಂಪರ್ಡ್ ಗ್ಲಾಸ್ ಅಂಟಿಸ್ಕೊಳ್ಳೋದು. ಮಾಮೂಲಿ ಗಾಜು ಅಂಟಿಸಿದ್ರೋ, ಈ ಪ್ರತಿಫಲನ ತಡೆಯೋ ಗುಣ ಅದರಡಿಗೆ ಸಮಾಧಿ. ಮತ್ತೆ ನಿಮ್ಮ ಮುಖ, ಮತ್ತೆ ತೆಂಗಿನ ಮರ. ಬೆರಳಚ್ಚು ಓದೋದು ಕೂಡ ಇದರಲ್ಲಿ ಕಿವಿಗೆ ಕೇಳದ ಶಬ್ದದ ಅಲೆಯಿಂದ. ಅದಕ್ಕೇ ಪಾತ್ರೆ ತೊಳೆದ ಒದ್ದೆ ಬೆರಳು ಇಟ್ರೂ ಎಷ್ಟೋ ಸಲ ಬಾಗಿಲು ತೆಗೆಯುತ್ತೆ. ಮೇಲೆ ದಪ್ಪ ಗಾಜು ಕೂತ್ರೆ ಅದೂ ತಡವರಿಸುತ್ತೆ. ಅಂಗಡಿ ಹುಡುಗ ಗಾಜು ತೆಗೆದು ರೆಡಿಯಾಗಿ ನಿಂತಿದ್ದ. ಬೇಡಪ್ಪಾ ಅಂದಾಗ ಹೆಲ್ಮೆಟ್ ಇಲ್ದೆ ಸ್ಕೂಟರ್ ಹತ್ತಿದೋಳನ್ನ ನೋಡಿದ ಹಾಗೆ ನೋಡಿದ.

ಇನ್ನು ಕ್ಯಾಮೆರಾ. 200 ಮೆಗಾಪಿಕ್ಸೆಲ್! ಕೇಳೋಕೇ ಒಂಥರಾ ಜಂಬ ಬರುತ್ತೆ. ಆದರೆ ಸುಮ್ಮನೆ ಕ್ಲಿಕ್ ಮಾಡಿದ್ರೆ ಬರೋದು 12 ಮೆಗಾಪಿಕ್ಸೆಲ್ ಚಿತ್ರ. ಹದಿನಾರು ಚುಕ್ಕಿ ಸೇರಿಸಿ ಒಂದು ಚುಕ್ಕಿ ಮಾಡುತ್ತೆ ಒಳಗೆ. ಮೋಸ ಅಂತಲ್ಲ, ಹಾಗೆ ಸೇರಿಸೋದ್ರಿಂದಲೇ ಕತ್ತಲಲ್ಲಿ ಚೆನ್ನಾಗಿ ಬರೋದು. ದಸರಾದಲ್ಲಿ ಅರಮನೆ ದೀಪ ತೆಗೆದಿದ್ದೆ, ಇರಿ ತೋರಿಸ್ತೀನಿ. ನೋಡಿ, ಹಳೇ ಫೋನಲ್ಲಿ ಇಡೀ ಅರಮನೆ ಒಂದೇ ಬೆಂಕಿ ಉಂಡೆ ಥರ ಬರ್ತಿತ್ತು, ಇದರಲ್ಲಿ ಕಮಾನು ಕಮಾನೇ ಎಣಿಸಬಹುದು. ಅಲ್ಲಿ ಸುಮಾರು 1 ಲಕ್ಷ ಬಲ್ಬು ಅಂತಾರಲ್ಲ, ಬಲ್ಬಿಗೆ ಒಂದು ರೂಪಾಯಿಗಿಂತ ಜಾಸ್ತೀನೇ ಕೊಟ್ಟಿದೀನಿ, ಬರದೆ ಏನು ಮಾಡುತ್ತೆ? ದೂರದ್ದಕ್ಕೆ ಇನ್ನೆರಡು ಕಣ್ಣಿದೆ, ಒಂದು 3 ಪಟ್ಟು ಹತ್ತಿರ ಎಳೆಯೋದು, ಒಂದು 5 ಪಟ್ಟು. ತಾರಸಿ ಮೇಲಿಂದ ಚಾಮುಂಡಿ ಬೆಟ್ಟದ ಗೋಪುರ ತೆಗೆಯೋಕೆ ಐದು ಪಟ್ಟಿನದೇ ಸರಿ. ಅಲ್ಲಿಂದಾಚೆ 100 ಪಟ್ಟಿನವರೆಗೂ ಎಳೆಯಬಹುದು, ಎಳೆದಷ್ಟೂ ಬಣ್ಣ ಕಲಸಿದ ಹಾಗೆ ಆಗುತ್ತೆ.

ಚಂದ್ರ ಒಬ್ಬ ಬಿಟ್ಟು! ಚಂದ್ರನ್ನ ಮಾತ್ರ ನೂರು ಪಟ್ಟಿನಲ್ಲೂ ಕುಳಿ ಕುಳಿ ಕಾಣೋ ಹಾಗೆ ತೆಗೆಯುತ್ತೆ. ಅದು ಹೇಗೆ ಅಂತೀರಾ? ಇದರ ಅಕ್ಕ ಎಸ್23 ಅಲ್ಟ್ರಾ ಇತ್ತಲ್ಲ, 2023ರಲ್ಲಿ ಒಬ್ಬ ಪುಣ್ಯಾತ್ಮ ಚಂದ್ರನ ಚಿತ್ರವನ್ನ ಬೇಕಂತಲೇ ಮಸುಕು ಮಾಡಿ ಕಂಪ್ಯೂಟರ್ ಪರದೆ ಮೇಲಿಟ್ಟ, ದೀಪ ಆರಿಸಿ ದೂರದಿಂದ ಅದರ ಫೋಟೋ ತೆಗೆದ. ಪರದೆ ಮೇಲೆ ಇಲ್ಲದ ಕುಳಿಗಳೆಲ್ಲ ಫೋಟೋದಲ್ಲಿ ಬಂದು ಕೂತಿದ್ವು. ದೊಡ್ಡ ಗುಲ್ಲಾಯ್ತು. ಕೊನೆಗೆ ಕಂಪನಿಯವರು, ಇದು ಚಂದ್ರ ಅಂತ ಫೋನಿಗೆ ಗುರುತು ಸಿಕ್ಕಿದ್ರೆ ಕೃತಕ ಬುದ್ಧಿಮತ್ತೆ ವಿವರಗಳನ್ನ ತಿದ್ದಿ ತೀಡುತ್ತೆ, ಬೇಡ ಅಂದೋರು ಆ ಸೆಟಿಂಗ್ ಆಫ್ ಮಾಡ್ಕೊಳ್ಳಿ ಅಂತ ವಿವರಣೆ ಕೊಟ್ರು.

ನನಗೆ ಆಗಿಂದ ಒಂದು ಧರ್ಮಸಂದೇಹ. ನೀವು ಸಂಸ್ಕೃತ ಓದಿರೋರು, ಬಗೆಹರಿಸಿ. ಭಾದ್ರಪದ ಚೌತಿ ದಿನ ಚಂದ್ರನ್ನ ನೋಡಬಾರದು, ನೋಡಿದ್ರೆ ಅಪವಾದ ಬರುತ್ತೆ, ಕೃಷ್ಣನಿಗೇ ಬಿಡಲಿಲ್ಲ ಅಂತೀವಿ. ಆದರೆ ಫೋನಲ್ಲಿ ನೋಡಿದ್ದು ಅರ್ಧ ಚಂದ್ರ, ಅರ್ಧ ಕಂಪನಿಯವರ ಕಲ್ಪನೆ. ಅದಕ್ಕೆ ದೋಷ ಪೂರ್ತಿ ಬರುತ್ತಾ, ಅರ್ಧ ಬರುತ್ತಾ? ಕಳೆದ ಸಲ ಮೊಮ್ಮಗ ತೆಗೆದು ನನ್ನ ಮುಖದ ಮುಂದೆ ಹಿಡಿದೇಬಿಟ್ಟ. ಯಾವುದಕ್ಕೂ ಇರಲಿ ಅಂತ ಶಮಂತಕ ಮಣಿ ಕಥೆ ಪೂರ್ತಿ ಕೇಳಿಸ್ಕೊಂಡೆ, ಇದೇ ಫೋನಲ್ಲೇ. ಸ್ಪೀಕರ್ ಚೆನ್ನಾಗಿದೆ.

ನವೆಂಬರಲ್ಲಿ ಪೆನ್ಷನ್‌ಗೆ ಜೀವಂತ ಇದೀನಿ ಅಂತ ಮುಖ ತೋರಿಸಿ ಸರ್ಟಿಫಿಕೇಟ್ ಕಳಿಸ್ತೀವಲ್ಲ, ಜೀವನ್ ಪ್ರಮಾಣ್, ಅದಕ್ಕೆ ಸರ್ಕಾರ ಕೇಳೋದು 5 ಮೆಗಾಪಿಕ್ಸೆಲ್ ಕ್ಯಾಮೆರಾ. ನಾನು ಬದುಕಿದೀನಿ ಅಂತ ತೋರಿಸೋಕೆ ಐದು ಸಾಕು, ಚಂದ್ರ ಬದುಕಿದಾನೆ ಅಂತ ತೋರಿಸೋಕೆ ಇನ್ನೂರು! ದಿನದ ಕೆಲಸಗಳೂ ಅಷ್ಟೇ ಮೇಷ್ಟ್ರೇ. ಸೊಪ್ಪಿನವಳಿಗೆ ಇಪ್ಪತ್ತು ರೂಪಾಯಿ ಕಳಿಸೋಕೆ ಯುಪಿಐಗೆ ಇದೂ ಒಂದೇ, ಅವಳ ಕೈಲಿರೋ ಒಡೆದ ಗಾಜಿನ ಫೋನೂ ಒಂದೇ. ನೆಟ್‌ವರ್ಕ್ ಕೈಕೊಟ್ರೆ ಇಬ್ಬರ ಫೋನಲ್ಲೂ ಚಕ್ರ ತಿರುಗುತ್ತೆ. ಇದರಲ್ಲಿ ಆ ಚಕ್ರ ಸ್ವಲ್ಪ ನುಣ್ಣಗೆ ತಿರುಗುತ್ತೆ, ಸೆಕೆಂಡಿಗೆ 120 ಸಲ ಪರದೆ ಬದಲಾಗುತ್ತಲ್ಲ, ಅದಕ್ಕೆ.

ಆ ಗ್ಯಾಲಕ್ಸಿ ಎಐ ವಿಷಯಕ್ಕೆ ಬನ್ನಿ. ಫೋನಲ್ಲಿ ಮಾತಾಡ್ತಾ ಇರೋವಾಗಲೇ ಅನುವಾದ ಮಾಡಿ ಹೇಳುತ್ತೆ ಅಂತ ಬಿಡುಗಡೆ ದಿನ ಡಂಗುರ ಹೊಡೆದ್ರು. ಆವತ್ತು 13 ಭಾಷೆ ಇತ್ತು. ಕೊರಿಯನ್, ಪೋಲಿಷ್, ಥಾಯ್, ವಿಯೆಟ್ನಾಮೀಸ್, ನಮ್ಮ ಕಡೆಯಿಂದ ಹಿಂದಿ. ಕನ್ನಡ ಇರಲಿಲ್ಲ. ಹೋಗಲಿ ಅಂದ್ಕೋಬಹುದಿತ್ತು, ಆದರೆ ಆ ಹಿಂದಿ ತಯಾರಾಗಿದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಲ್ಲಿರೋ ಅವರದೇ ಸಂಶೋಧನಾ ಕೇಂದ್ರದಲ್ಲಿ. ಥಾಯ್, ವಿಯೆಟ್ನಾಮೀಸ್ ಕೆಲಸದಲ್ಲೂ ಅವರ ಕೈಯಿತ್ತಂತೆ. ಮಧ್ಯಾಹ್ನ ಬಿಸಿಬೇಳೆಬಾತ್ ತಿಂದು ವಿಯೆಟ್ನಾಮೀಸ್ ಕಲಿಸೋಕೆ ಕೂತಿರ್ತಾರೆ, ಪಾಪ. ತಟ್ಟೆ ತಂದುಕೊಟ್ಟವನ ಭಾಷೆ ಪಟ್ಟಿಯಲ್ಲಿಲ್ಲ. ಇಂಥ ಜಾಗದಲ್ಲಿ ಲಕ್ಷದ ಫೋನೂ ಹತ್ತು ಸಾವಿರದ ಫೋನೂ ಒಂದೇ ಬೆಂಚಿನ ಮೇಲೆ ಕೂರ್ತವೆ. ಪರದೆ ಮೇಲೆ ಬೆರಳಲ್ಲಿ ಸುತ್ತು ಹಾಕಿದ್ರೆ ಹುಡುಕಿ ಕೊಡುತ್ತಲ್ಲ, ಅದೊಂದು ನಿಜಕ್ಕೂ ಉಪಯೋಗ. ಯಾರದೋ ಫೋಟೋದಲ್ಲಿ ಸೀರೆಗೆ ಸುತ್ತು ಹಾಕ್ತೀನಿ, ಅಂಥದ್ದೇ ಎಲ್ಲಿ ಸಿಗುತ್ತೆ ಅಂತ ತೋರಿಸುತ್ತೆ. ಆದರೆ ಅದೂ ಆಮೇಲೆ ಅಗ್ಗದ ಫೋನ್‌ಗಳಿಗೆಲ್ಲ ಇಳಿದು ಬಂತು.

ಕನ್ನಡ ಬರೋದು ಈ ಪೆನ್ನಿಗೆ. ಕೆಳಗೆ ಮೂಲೇಲಿ ಒತ್ತಿ... ಹಾಂ, ಹೊರಗೆ ಬಂತು. ಪರದೆ ಆರಿರೋವಾಗ ಹೀಗೆ ಎಳೆದು ಕಪ್ಪು ಗಾಜಿನ ಮೇಲೆ ಬರೆದ್ರೆ ಆಯ್ತು, ಸ್ಲೇಟು. ತೊಗರಿಬೇಳೆ, ಹುಣಸೆಹಣ್ಣು, ಗ್ಯಾಸ್ ಬುಕ್ ಮಾಡು. ನನ್ನ ಕಾಗಕ್ಕ ಗುಬ್ಬಕ್ಕ ಅಕ್ಷರವನ್ನ ಹಾಗೇ ಇಟ್ಕೊಳ್ಳುತ್ತೆ, ತಿದ್ದಲ್ಲ, ತೀಡಲ್ಲ, ಯಾವ ಭಾಷೆ ಅಂತ ಕೇಳಲ್ಲ. ಬರೆಯೋಕೆ ಪೆನ್ನಿನೊಳಗೆ ಬ್ಯಾಟರಿ ಬೇಡ. ದೂರದಿಂದ ಕ್ಯಾಮೆರಾ ಒತ್ತೋದಕ್ಕೆ ಮಾತ್ರ ಚಾರ್ಜು ಬೇಕು, ಅದು ಗೂಡಿಗೆ ಹಾಕಿಟ್ರೆ ತಾನೇ ತುಂಬ್ಕೊಳ್ಳುತ್ತೆ. ಗೌರಿಹಬ್ಬದ ದಿನ ನಿಮ್ಮ ಮನೆಯವರೂ ಸೇರಿ ನಾವೆಲ್ಲ ಸಾಲಾಗಿ ನಿಂತ ಫೋಟೋ ಇತ್ತಲ್ಲ, ಯಾರು ತೆಗೆದಿದ್ದು ಅಂದ್ಕೊಂಡ್ರಿ? ನಾನೇ, ಸೆರಗಿನ ಮರೇಲಿ ಪೆನ್ನು ಹಿಡ್ಕೊಂಡು. ಎಸ್25 ಅಲ್ಟ್ರಾದಲ್ಲಿ ಈ ದೂರದ ಕ್ಲಿಕ್ ತೆಗೆದುಹಾಕಿದಾರೆ. ಹೊಸದರಲ್ಲಿ ಎಲ್ಲ ಜಾಸ್ತಿ ಇರುತ್ತೆ ಅಂದ್ಕೊಂಡು ಹೋಗೋರು ಇಂಥದ್ದನ್ನ ವಿಚಾರಿಸಲ್ಲ.

ಬ್ಯಾಟರಿ 5,000 ಎಂಎಎಚ್. ನನ್ನ ಬಳಕೆಗೆ ಬೆಳಗ್ಗೆಯಿಂದ ರಾತ್ರಿವರೆಗೂ ಧಾರಾಳ, ಹೇಳೋಕೆ ಬೇರೆ ಏನೂ ಇಲ್ಲ. ಚಾರ್ಜರ್ ಡಬ್ಬದಲ್ಲಿ ಬರಲ್ಲ, 2021ರಿಂದಲೇ ಈ ಎಸ್ ಸಾಲಿನ ಫೋನ್‌ಗಳಿಗೆ ಕೊಡೋದು ನಿಲ್ಲಿಸಿದಾರೆ. ಪರಿಸರ ಉಳಿಸೋಕಂತೆ. ಉಳಿಸ್ಲಿ, ಸಂತೋಷ, ಆದರೆ ಉಳಿದಿದ್ದರಲ್ಲಿ ಒಂದು ಪಾಲು ಬೆಲೆಯಲ್ಲಿ ಇಳಿಸಿದ್ರೆ ಪರಿಸರಕ್ಕೇನು ನಷ್ಟ ಆಗ್ತಿತ್ತು? ನಾನು ಸೆಟಿಂಗಲ್ಲಿ 80ಕ್ಕೇ ಚಾರ್ಜ್ ನಿಲ್ಲೋ ಹಾಗೆ ಮಾಡಿಟ್ಟಿದೀನಿ. ಲಿಥಿಯಂ ಬ್ಯಾಟರಿನ ಸದಾ ಗಂಟಲವರೆಗೆ ತುಂಬಿಸಿಟ್ರೆ, ಬಿಸಿಗೆ ಒಡ್ಡಿದ್ರೆ ಬೇಗ ಮುದಿಯಾಗುತ್ತೆ.

ಅದರ ಚಿಂತೆ ಯಾಕೆ ಅಂದ್ರೆ ಇನ್ನೊಂದು ಒಳ್ಳೇ ಮಾತಿದೆ: 7 ವರ್ಷ ಅಪ್‌ಡೇಟ್ ಕೊಡ್ತೀವಿ ಅಂದಿದಾರೆ, ಅಂದ್ರೆ 2031ರವರೆಗೆ. ನನ್ನ ಪ್ರಕಾರ ಆ ಗಾಜು ಬಿಟ್ರೆ ದುಡ್ಡು ಕೊಟ್ಟಿದ್ದಕ್ಕೆ ಸಿಕ್ಕ ನಿಜವಾದ ವಸ್ತು ಈ ವರ್ಷಗಳೇ. ಬ್ಯಾಂಕಿನ ಆ್ಯಪ್‌ಗಳು ಹಳೇ ಆಂಡ್ರಾಯ್ಡ್ ಕಂಡ್ರೆ ಒಂದಿನ ಬಾಗಿಲು ಹಾಕ್ತವೆ, ಭದ್ರತೆ ಅಪ್‌ಡೇಟ್ ನಿಂತ ಫೋನಲ್ಲಿ ದುಡ್ಡಿನ ವ್ಯವಹಾರ ಇಟ್ಕೊಳ್ಳೋದು ನಮ್ಮ ವಯಸ್ಸಿನವರಿಗೆ ಒಳ್ಳೇದಲ್ಲ. ಬ್ಯಾಟರಿ ಅಷ್ಟು ಕಾಲ ಗಟ್ಟಿಯಾಗಿರಲ್ಲ, ನಡುವೆ ಒಂದು ಸಲ ಬದಲಾಯಿಸಲೇಬೇಕು ಅಂತ ಲೆಕ್ಕ ಇಟ್ಟಿದೀನಿ. ಮೂರು ವರ್ಷಕ್ಕೊಂದರಂತೆ ಅಗ್ಗದ್ದು ಬದಲಾಯಿಸ್ತಾ ಹೋದೋರ ಖರ್ಚಿನ ಪಕ್ಕ ಇಟ್ರೂ ನನ್ನದೇ ಜಾಸ್ತಿ ಅನ್ನಿ, ಆದರೆ ಅತ್ತಿಗೆ ಹೇಳೋಷ್ಟಲ್ಲ.

ನಿಮಗೆ ಕೊಡಿಸೋದಾದ್ರೆ ಮಗನಿಗೆ ಇಷ್ಟು ಕೇಳೋಕೆ ಹೇಳಿ. ಹಳೇ ಮಾಡೆಲ್ ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡ್ರೆ, ಆ ಏಳು ವರ್ಷ ಶುರುವಾಗೋದು ನೀವು ಕೊಂಡ ದಿನದಿಂದಲ್ಲ, ಫೋನ್ ಬಿಡುಗಡೆಯಾದ ಕಾಲದಿಂದ. ಅದನ್ನ ಬೆಲೆಯಲ್ಲಿ ಕಳೀಬೇಕು. ಕ್ಯಾಮೆರಾ ಹುಚ್ಚಿಲ್ಲ, ಪೆನ್ನು ಬೇಡ ಅಂದ್ರೆ ಇದರ ತಮ್ಮ ಎಸ್24 ಇದೆ. ಸಣ್ಣದು, ಹಗುರ, ಏಳು ವರ್ಷ ಅದಕ್ಕೂ ಉಂಟು. ಈ ಗಾಜು ಮಾತ್ರ ಅದರಲ್ಲಿಲ್ಲ.

ಏನಂದ್ರಿ, ಅಮೆರಿಕದಿಂದಲೇ ತರ್ತಾನಾ? ಹಾಗಾದ್ರೆ ಇವತ್ತೇ ಫೋನ್ ಮಾಡಿ ತಡೀರಿ. ಅಲ್ಲಿ ಮಾರೋ ಎಸ್24 ಅಲ್ಟ್ರಾದಲ್ಲಿ ಸಿಮ್ ಹಾಕೋಕೆ ಒಂದೇ ಜಾಗ, ಇನ್ನೊಂದು ಇ-ಸಿಮ್ಮು. ನಿಮ್ಮದು ಬಿಎಸ್‌ಎನ್‌ಎಲ್ ಒಂದು, ಜಿಯೋ ಒಂದು, ಎರಡೂ ಚೂರು ಕೈಲಿ ಹಿಡ್ಕೊಂಡು ನಿಲ್ತೀರಿ. ಅಲ್ಲಿನ ಮೊಬೈಲ್ ಕಂಪನಿಯಿಂದ ಕಂತಿನ ಮೇಲೆ ತಗೊಂಡಿದ್ರಂತೂ ಬೀಗ ಹಾಕಿ ಕೊಟ್ಟಿರ್ತಾರೆ, ನಮ್ಮ ಸಿಮ್ಮು ಓದೋದೇ ಇಲ್ಲ. ವಾರಂಟಿ ಇಲ್ಲಿ ನಡೆಯುತ್ತಾ ಅಂತಲೂ ಮೊದಲೇ ಕೇಳಿಸಿ. ತರಲೇಬೇಕು ಅಂತ ಹಠ ಹಿಡಿದ್ರೆ ಬಾದಾಮಿ ತರಲಿ, ಫೋನು ಇಲ್ಲೇ ತಗೊಳ್ಳೋಣ, ನಾನೂ ಬರ್ತೀನಿ. ಆ ಟೆಂಪರ್ಡ್ ಗ್ಲಾಸ್ ಹುಡುಗನ ಹತ್ತಿರ ನಿಮ್ಮೊಬ್ಬರನ್ನೇ ಬಿಡೋಕಾಗಲ್ಲ.