ಯಾರ ಮನಿ ಒಡೀತಾರೋ?

ಬಾಸ್ಟನ್ ಕಾಮನ್ ಮೈದಾನದ ಅಂಚಿಗೆ, ಕಾಲುದಾರಿಯ ಮೇಲೆ ಎಳೆದಿದ್ದ ಕೆಂಪು ಗೆರೆ ಕಂಡದ್ದೇ ತಡ, ಅಪ್ಪ ಗಕ್ಕನೆ ನಿಂತ. ಕೋಲಿನ ತುದಿಯಿಂದ ಗೆರೆ ಮುಟ್ಟಿದ. ಅದು ಹೋದ ದಿಕ್ಕಿಗೆ ಕಣ್ಣು ಹಾಯಿಸಿದ. ಆಮೇಲೆ ನನ್ನ ಕಿವಿಗೆ ಬಾಯಿ ಹತ್ತಿರ ತಂದು ಕೇಳಿದ: “ಯಾರ ಮನಿ ಒಡೀತಾರೋ?”

ಅಪ್ಪನ ತಪ್ಪಲ್ಲ. ನಮ್ಮ ಕಡೆ ರಸ್ತೆ ಅಗಲ ಮಾಡುವ ಮುಂಚೆ ಹೀಗೇ ಕೆಂಪು ಗುರುತು ಬೀಳುತ್ತದೆ. ಗುರುತು ಬಿದ್ದ ಮೇಲೆ ಒಂದೋ ಕೋರ್ಟು, ಇಲ್ಲವೋ ಜೆಸಿಬಿ.

“ಒಡಿಯೋದಲ್ಲಪ್ಪ, ನೋಡೋದು. ಇದರ ಹೆಸರು ಫ್ರೀಡಂ ಟ್ರೇಲ್. ಗೆರಿ ಹಿಡಕೊಂಡು ಹೊಂಟ್ರ ಊರಿನ ಇತಿಹಾಸ ಪೂರಾ ಸಿಗ್ತದ. 4 ಕಿಲೋಮೀಟರ್, 16 ಜಾಗ. ಗೈಡ್ ಬ್ಯಾಡ, ನಡಿಲಿಕ್ಕೆ ರೊಕ್ಕಾನೂ ಬ್ಯಾಡ.”

ಕಡೆಯ ಮಾತು ಅಪ್ಪನ ಮೊಣಕಾಲಿಗೆ ಎಣ್ಣೆ ತಿಕ್ಕಿದಂತೆ ಕೆಲಸ ಮಾಡಿತು.

ಅಪ್ಪ, ಅವ್ವ ಗುಂಡಗುರ್ತಿಯಿಂದ ಬಂದು ಆಗ ಒಂದು ತಿಂಗಳಾಗಿತ್ತು. ಅಪ್ಪ ಶಹಾಬಾದಿನ ಪರಸಿ ಕಲ್ಲಿನ ಗಣಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವ. ಕಲ್ಲು ಕಂಡರೆ ಬೆರಳಿನ ಗಣ್ಣಿನಿಂದ ತಟ್ಟಿ ಕಿವಿಗೊಡುವುದು ಅವನ ಚಟ. ನಮ್ಮ ಮನೆಯ ಅಡುಗೆಕಟ್ಟೆಯನ್ನು ಮೊದಲ ದಿನವೇ ತಟ್ಟಿ, ಪೆಟ್ಟಿಗೆಯಲ್ಲಿ ಬಂದ ಸೊಸೆಯ ಗಾಜಿನ ಪಾತ್ರೆಗಳನ್ನೂ ತಟ್ಟಿ ನೋಡಿದ್ದ. ಅವ್ವನ ಕೈಯಲ್ಲಿ ಆ ದಿನ ಬಟ್ಟೆಯ ಗಂಟು: ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ನನ್ನ ಹೆಂಡತಿ ಮೈಸೂರಿನವಳು, ಕನ್ನಡ ಎಂ.ಎ. ಓದಿದವಳು. ಒಂಬತ್ತು ವರ್ಷದ ಮಗಳು ನಮ್ಮ ಗೈಡು.

“ಮುತ್ಯಾ, ಇದು 1634ರ ಪಾರ್ಕ್. ಇಲ್ಲಿ ಹಸು ಮೇಯ್ತಿದ್ವು, 1830ರ ತನಕ” ಎಂದು ಮಗಳು ಪಾಠ ಒಪ್ಪಿಸಿದಳು. ಊರ ಜನ ಮನೆಗಿಷ್ಟು ಎಂದು ಪಟ್ಟಿ ಹಾಕಿ ಒಬ್ಬ ಪಾದ್ರಿಯಿಂದ ಕೊಂಡ ಜಾಗವಂತೆ. ಅವ್ವನಿಗೆ ಥಟ್ಟನೆ ಅರ್ಥವಾಯಿತು. “ಅಂದ್ರ ಗಾಯರಾಣ! ಇಷ್ಟು ವರ್ಷಾದ್ರೂ ಯಾರೂ ಒತ್ತಿಕೊಂಡಿಲ್ಲಾ?” ಎಂದು ಆ ಹಸಿರನ್ನು ಅನುಮಾನದಿಂದ ನೋಡಿದಳು.

ಗೆರೆ ಏರು ಹತ್ತಿ ರಾಜ್ಯ ಶಾಸಕಾಂಗದ ಕಟ್ಟಡಕ್ಕೆ ಒಯ್ಯಿತು. 1798ರದು, ಬಂಗಾರದ ಗುಮ್ಮಟ. ಒಳಗೆ ಸಭೆ ಸೇರುವ ಕಡೆ ಐದಡಿ ಉದ್ದದ ಕಟ್ಟಿಗೆಯ ಮೀನೊಂದು ತೂಗುತ್ತದೆ. ಕಾಡ್ ಎಂಬ ಆ ಮೀನಿನಿಂದಲೇ ಈ ಬಂದರು ಊಟ ಉಂಡದ್ದು, ಹಡಗು ಕಟ್ಟಿದ್ದು. ಅಪ್ಪ ತಲೆದೂಗಿದ. “ಖರೆ ಅದ. ನಮ್ಮ ಕಡಿ ಆಗಿದ್ರ ತೊಗರಿ ಸಿವುಡು ಕಟ್ಟಬೇಕಿತ್ತು.” ಇಸವಿ ಕೇಳಿದ ಮೇಲೆ ಮಾತ್ರ ಮುಖ ಸಪ್ಪಗಾಯಿತು. “1798? ಇನ್ನಾ ಸಿಮೆಂಟ್ ಒಣಗಿಲ್ಲ.”

ಅಲ್ಲಿಂದ ಅಪ್ಪನ ತಕ್ಕಡಿ ಹೊರಬಂತು. ಪ್ರತಿ ನಿಲುಗಡೆಯಲ್ಲೂ ಇಸವಿ ಕೇಳುವುದು, ನಮ್ಮ ಕಡೆಯ ಮಳಖೇಡ ಅಥವಾ ಸನ್ನತಿಯ ಎದುರು ಇಟ್ಟು ತೂಗುವುದು. 1660ರ ಗ್ರಾನರಿ ಸ್ಮಶಾನದಲ್ಲಿ ಸ್ವಾತಂತ್ರ್ಯ ಹೋರಾಟದ ಸ್ಯಾಮ್ಯುಯೆಲ್ ಆಡಮ್ಸ್, ಪಾಲ್ ರಿವೀರ್ ಮಲಗಿದ್ದಾರೆ. ಜನ ಟೋಪಿ ತೆಗೆದು ನಿಂತಿದ್ದರು. ಅಪ್ಪ ಅವರ ನಡುವೆ ನಿಂತು ಮೊಮ್ಮಗಳಿಗೆ ಸನ್ನತಿ ಹೇಳತೊಡಗಿದ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿಯಿತು; ಎತ್ತಿ ನೋಡಿದರೆ ಮೂರ್ತಿಯ ಅಡಿಗಲ್ಲೇ ಅಶೋಕನ ಶಾಸನ! ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕನ ಮೂರ್ತಿಯೇ ಕಲ್ಲಿನಲ್ಲಿ ಸಿಕ್ಕಿತು, ಮೇಲೆ ‘ರಾಯ ಅಸೋಕ’ ಎಂದು ಹೆಸರು ಸಮೇತ. “ಎರಡು ಸಾವಿರ ವರ್ಷದ್ದು! ನಿಮ್ಮ ಬಾಸ್ಟನ್ ಆವಾಗ ಎಲ್ಲಿತ್ತು?” ಟೋಪಿ ತೆಗೆದವರು ಅಪ್ಪನನ್ನು ದಿವಂಗತರ ಕಡೆಯವನೆಂದುಕೊಂಡು ಜಾಗ ಬಿಟ್ಟರು.

ಓಲ್ಡ್ ಸೌತ್ ಸಭಾಗೃಹದಲ್ಲಿ ಚಹಾದ ಕಥೆ. 1773ರ ಡಿಸೆಂಬರ್ 16ರಂದು ಇಲ್ಲಿ ಸೇರಿದ ಜನ ಬಂದರಿಗೆ ಹೋಗಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾ ನೀರಿಗೆ ಸುರಿದರು. ಪೌಂಡಿಗೆ ಮೂರು ಪೆನ್ನಿ ತೆರಿಗೆ, ಅದೂ ತಮ್ಮನ್ನು ಕೇಳದೆ ಹಾಕಿದ್ದು ಎಂಬ ಸಿಟ್ಟು. ಅವ್ವನಿಗೆ ತೆರಿಗೆಗಿಂತ ತೂಕ ಮುಖ್ಯ. ಸುಮಾರು 42 ಟನ್ ಎಂದೆ. ಮನೆಗೆ ತಿಂಗಳಿಗೆ ಅರ್ಧ ಕಿಲೋ ಹಿಡಿ ಎಂದು ಮೊಮ್ಮಗಳಿಗೆ ಲೆಕ್ಕ ಕೊಟ್ಟಳು. ಮಗಳು ಬೆರಳು ಮಡಚಿ, ಫೋನು ಒತ್ತಿ, ಉತ್ತರ ತಂದಳು: ಸಾವಿರ ಮನೆಯ ಊರಿಗೆ ಏಳು ವರ್ಷ. ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಏಳು ವರ್ಷ ಬಂದ ಬೀಗರಿಗೆಲ್ಲಾ ಆಗ್ತಿತ್ತಲ್ಲೋ!”

ಓಲ್ಡ್ ಸ್ಟೇಟ್ ಹೌಸಿನ ಬಾಲ್ಕನಿಯ ಕೆಳಗೆ ಮಾತ್ರ ಅಪ್ಪ ತಕ್ಕಡಿ ಕೆಳಗಿಟ್ಟ. 1776ರ ಜುಲೈ 4ರಂದು ಫಿಲಡೆಲ್ಫಿಯಾದಲ್ಲಿ ಒಪ್ಪಿದ ಸ್ವಾತಂತ್ರ್ಯ ಘೋಷಣೆಯನ್ನು ಇಲ್ಲಿಂದ ಓದಿದ್ದು ಜುಲೈ 18ರಂದು. ಎರಡು ವಾರ ತಡ ಎಂದು ಮಗಳು ಕಣ್ಣರಳಿಸಿದಳು.

“ಎರಡು ವಾರಕ್ಕ ಹಿಂಗಂತಿ? ನಮಗ ದಿಲ್ಲಿಯಿಂದ ಬರಲಿಕ್ಕೆ ಹದಿಮೂರು ತಿಂಗಳು ಹಿಡೀತು” ಅಂದ ಅಪ್ಪ. ನಿಜವೇ. ದೇಶಕ್ಕೆ 1947ರ ಆಗಸ್ಟ್ 15. ನಿಜಾಮನ ಕೈಯಲ್ಲಿದ್ದ ನಮ್ಮ ಸೀಮೆಗೆ 1948ರ ಸೆಪ್ಟೆಂಬರ್ 17. ಮಗಳು ಅದನ್ನು ತನ್ನ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಊಟಕ್ಕೆ ಫ್ಯಾನ್ಯುಯಿಲ್ ಹಾಲಿನ ಬಳಿ ಕೂತೆವು. ಅದರ ತುದಿಯಲ್ಲಿ 1742ರಿಂದ ಗಾಳಿಯ ದಿಕ್ಕು ತೋರಿಸುವುದು ಬಂಗಾರದ ನೀರು ಕುಡಿಸಿದ ತಾಮ್ರದ ಮಿಡತೆ. ಅವ್ವ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಮೇಲೆ ನೋಡಿದಳು. “ಮಿಡತಿಗಿ ಬಂಗಾರ! ಇವರ್ಯಾರಿಗೂ ಹೊಲ ಇಲ್ಲ ಕಾಣ್ತದ.”

ಕಟಕ ರೊಟ್ಟಿ ಮುರಿಯುವ ಸದ್ದಿಗೆ ಎರಡು ಬೆಂಚು ಆಚೆಯವರು ತಿರುಗಿ ನೋಡಿದರು. ಹೆಂಡತಿ ಇದೇ ಸಮಯವೆಂದು ತನ್ನ ಮೈಸೂರನ್ನು ಹೊರತೆಗೆದಳು. “ಮಾವ, ಇವರ ಕೈಲಿ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸ್‌ನನ್ನ ಬ್ರಿಟಿಷರು ಮನೆಗೆ ಕಳಿಸಲಿಲ್ಲ. ಗವರ್ನರ್ ಜನರಲ್ ಮಾಡಿ ನಮ್ಮ ಮೇಲೆ ಹಾಕಿದ್ರು. ಅವನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ಕೊಂಡಿದ್ದು.”

ಅಪ್ಪ ಉಳ್ಳಾಗಡ್ಡಿ ಜಜ್ಜಿ ಬಾಯಿಗೆ ಹಾಕಿಕೊಂಡ. “ಒಂದು ಕಡಿ ಕೆಲಸ ಕೆಡಿಸಿದವನ್ನ ಇನ್ನೊಂದು ಕಡಿ ವರ್ಗಾ ಮಾಡೋದು ಆವಾಗಿಂದಲೇ ಅದ ಅನ್ನು. ನಿಮ್ಮ ಮೈಸೂರಿಗಿ ಒಮ್ಮೆ ಆಯ್ತು. ನಮ್ಮ ಕಡಿ ದಿನಾ ಬರ್ತಾರ.”

ಇಟಲಿಯವರ ಓಣಿ ದಾಟಿ, 1775ರ ಏಪ್ರಿಲ್ 18ರ ರಾತ್ರಿ ಬ್ರಿಟಿಷ್ ಸೈನ್ಯ ನೀರಿನ ದಾರಿಯಲ್ಲಿ ಹೊರಟಿದೆ ಎಂದು ಎರಡು ಕಂದೀಲು ತೋರಿಸಿದ ಓಲ್ಡ್ ನಾರ್ತ್ ಚರ್ಚು ದಾಟಿ, ಸೇತುವೆ ದಾಟಿ, 1797ರ ಮರದ ಯುದ್ಧನೌಕೆ ‘ಕಾನ್‌ಸ್ಟಿಟ್ಯೂಷನ್’ಗೆ ಕೈಮುಗಿದು, ಸಂಜೆಯ ಹೊತ್ತಿಗೆ ಬಂಕರ್ ಹಿಲ್ ಸೇರಿದೆವು. 221 ಅಡಿಯ ಕಲ್ಲುಕಂಬ, 294 ಮೆಟ್ಟಿಲು, ಲಿಫ್ಟ್ ಇಲ್ಲ. ಕಲ್ಲು ಸಾಗಿಸಲೆಂದೇ 1826ರಲ್ಲಿ ಕ್ವಿನ್ಸಿಯಿಂದ ಕುದುರೆ ಎಳೆಯುವ ರೈಲು ಹಾಕಿದ್ದರು ಎಂದಾಗ ಅಪ್ಪನಿಗೆ ಮೊದಲ ಬಾರಿ ಈ ಊರಿನ ಮೇಲೆ ಗೌರವ ಹುಟ್ಟಿತು. ಹತ್ತಿರ ಹೋಗಿ ಗಣ್ಣಿನಿಂದ ತಟ್ಟಿದ. “ಪರಸಿ ಹಾಂಗ ಪದರು ಪದರು ಏಳೋ ಕಲ್ಲಲ್ಲ ಇದು. ಕಡದವರ ಕೈ ಹೆಂಗಾಗಿರಬೇಕು!”

1775ರ ಜೂನ್ 17ರಂದು ಇಲ್ಲಿ ನಡೆದ ಕಾಳಗದಲ್ಲಿ ಗುಡ್ಡ ಬ್ರಿಟಿಷರ ಪಾಲಾಯಿತು. ಕಾಳಗ ಬಹುಪಾಲು ನಡೆದದ್ದೂ ಪಕ್ಕದ ಬ್ರೀಡ್ಸ್ ಗುಡ್ಡದಲ್ಲಿ, ಕಂಬ ನಿಂತಿರುವುದೂ ಅಲ್ಲೇ, ಹೆಸರು ಮಾತ್ರ ಬಂಕರ್. ಅಪ್ಪ ನಕ್ಕ. “ಪಹಣ್ಯಾಗ ಒಂದು ನಂಬರ, ಹೊಲ ಇನ್ನೊಂದು.”

ಮಗಳು ಮೇಲೆ ಹತ್ತಿ ಇಳಿದು, ಏದುಸಿರು ಬಿಡುತ್ತ ಅಪ್ಪನ ಪಕ್ಕ ಕೂತಳು. ಬೆಳಗಿನಿಂದ ಅವಳ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಆಗ ಬಂತು.

“ಮುತ್ಯಾ, ಆ ಕಲ್ಲಿನಲ್ಲಿ ಅಶೋಕನ ಮುಖ ಹೇಗಿದೆ?”

ಅಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ. ಒರೆಸುತ್ತಲೇ ಇದ್ದ.

“ಪೇಪರಿನ್ಯಾಗ ಫೋಟೋ ನೋಡೀನಿ” ಅಂದ ಕಡೆಗೆ.

ಅವ್ವ ಬಿಡಲಿಲ್ಲ. “ಸನ್ನತಿಗಿ ಮೂರು ಸಲ ಹೋಗೀವಿ ಮಗಾ. ನಮ್ಮ ಲಗ್ನಾದಾಗ, ನಿಮ್ಮಪ್ಪನ ಜವಳಕ್ಕ, ನಿನ್ನ ಜವಳಕ್ಕ. ದೇವಿ ದರ್ಶನ, ಊಟ, ಬಸ್ಸು. ಕನಗನಹಳ್ಳಿ ಅಂದ್ರ ‘ಆ ಕಲ್ಲಿನ್ಯಾಗ ಏನದ, ನಡಿ’ ಅಂದವರು ಇವರೇ.”

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಕಲಬುರಗಿಯಲ್ಲಿ ಓದುವಾಗ ಸೋದರತ್ತೆಯ ಮನೆಗೆಂದು ಸೇಡಂ ಬಸ್ಸು ಎಷ್ಟು ಸಲ ಹತ್ತಿದ್ದೆನೋ. ಮಳಖೇಡ ಬಂತೆಂದರೆ ನನಗೆ ಅದು ಕಿಟಕಿಯಿಂದ ಶೇಂಗಾ ಕೊಳ್ಳುವ ಜಾಗ. ರಾಷ್ಟ್ರಕೂಟರ ರಾಜಧಾನಿ, ನೃಪತುಂಗನ ಊರು, ಕಾಗಿಣೆಯ ದಂಡೆಯ ಕೋಟೆ. ಒಮ್ಮೆಯೂ ಇಳಿದಿಲ್ಲ. ಫ್ರೀಡಂ ಟ್ರೇಲ್ ನಾಲ್ಕು ಸಲ ನಡೆದಿದ್ದೇನೆ. ಹೆಂಡತಿ ಮೆಲ್ಲಗೆ ಉಪ್ಪು ಸವರಿದಳು: “ಕನ್ನಡದಲ್ಲಿ ನಮಗೆ ಸಿಕ್ಕ ಮೊದಲ ಪುಸ್ತಕದ ಹೆಸರೇ ಕವಿರಾಜಮಾರ್ಗ. ಮಾರ್ಗ ಹುಟ್ಟಿದ ಊರಿಗೆ ದಾರಿ ಗೊತ್ತಿಲ್ಲ ನಿಮಗೆ.”

ಈ ಕೆಂಪು ಗೆರೆಯ ಕಥೆ ಆಮೇಲೆ ಓದಿದೆ. 1951ರಲ್ಲಿ ವಿಲಿಯಂ ಸ್ಕೋಫೀಲ್ಡ್ ಎಂಬ ಪತ್ರಕರ್ತ, ಹಳೆಯ ಜಾಗಗಳನ್ನು ಒಂದು ದಾರಿಯಲ್ಲಿ ಪೋಣಿಸಿ ಎಂದು ಅಂಕಣದಲ್ಲಿ ಬರೆದ. 1958ರಲ್ಲಿ ಗೆರೆ ಬಿತ್ತು. ಕಟ್ಟಡಗಳೆಲ್ಲ ಮೊದಲೇ ಇದ್ದವು. ಹೊಸದಾಗಿ ಬೇಕಾದದ್ದು ಬಣ್ಣ ಮತ್ತು ನಡೆಯುವ ಮನಸ್ಸು.

ಅಪ್ಪ ಊರಿಗೆ ಹೋದ ಮೂರನೇ ವಾರ ಫೋನು ಬಂತು, ಕನಗನಹಳ್ಳಿಯಿಂದಲೇ. ನನ್ನನ್ನಲ್ಲ, ಮೊಮ್ಮಗಳನ್ನು ಕೇಳಿದ. “ನೋಡ್ದೆ ಮಗಾ. ಅಶೋಕ ಒಬ್ಬನೇ ಇಲ್ಲ, ಬಾಜೂಕ ಹೆಂಡತಿ ಅದಾಳ. ಮ್ಯಾಲ ಕೊಡಿ ಹಿಡದಾರ.” ಆಮೇಲೆ ದನಿ ಇಳಿಸಿ, “ಕಲ್ಲು ತಟ್ಟಿ ನೋಡಬೇಕಂದ್ರ ಕಾವಲುಗಾರ ಬಿಡಲಿಲ್ಲ” ಅಂದ.

ಸೇಡಂ ಬಸ್ಸು ಹತ್ತುವವರಲ್ಲಿ ಒಂದು ವಿನಂತಿ: ಗೆರೆ ಬೀಳಲಿ ಎಂದು ಕಾಯಬೇಡಿ. ಮಳಖೇಡದಲ್ಲಿ ಇಳಿಯಿರಿ. ಹಿಂದೆ ಇನ್ನೊಂದು ಬಸ್ಸು ಬರುತ್ತದೆ.