ಪಾತ್ ಸೆಟ್ ಮಾಡುವ ಭಾವಮೈದುನ

ಮನೆಗೆ ಕಂಪ್ಯೂಟರ್ ಬಂದದ್ದೇ ತಡ, ವಾಸನೆ ಹಿಡಿದು ಬರುವ ನೆಂಟನೊಬ್ಬ ಎಲ್ಲರ ಮನೆಯಲ್ಲೂ ಇರುತ್ತಾನೆ. ಪ್ರೋಗ್ರಾಂ ಬರೆಯುವುದು ಅವನಿಗೆ ಬೇಕಿಲ್ಲ. ಬರೆಯಲು ಬೇಕಾದದ್ದನ್ನು ಹಾಕಿಕೊಡುವುದಷ್ಟೇ ಬೇಕು. ಶ್ರುತಿ ಕೂಡಿಸುವುದರಲ್ಲೇ ಕಚೇರಿ ಮುಗಿಸುವ ವಿದ್ವಾಂಸರ ಪರಂಪರೆ. ಗುಟ್ಟೇಕೆ, ಇದು ನನ್ನ ಹೆಂಡತಿಯ ತಮ್ಮನ ವಿಷಯ.

ಮಗಳಿಗೆ ಕಾಲೇಜಿನಲ್ಲಿ ಪೈಥಾನ್ ಶುರುವಾಗಿತ್ತು. ಅವಳೇ ಹಾಕಿಕೊಂಡಿದ್ದಳು, ಓಡುತ್ತಲೂ ಇತ್ತು. ಭಾನುವಾರ ತಿಂಡಿ ಹೊತ್ತಿಗೆ ಬಂದವನು, ದೋಸೆ ಬಾಯಲ್ಲಿರುವಾಗಲೇ "ಯಾರು ಹಾಕಿದ್ದು ಇದನ್ನ?" ಅಂದ. "ತೀರಾ ಹೊಸದು ಭಾವ, ನಂಬಬಾರದು. ಒಂದು ಹಿಂದಿನದು ಹಾಕೋಣ, ಲೈಬ್ರರಿಗಳು ಸರಿಯಾಗಿ ಕೂತಿರ್ತವೆ." 2020ರಿಂದ ಈಚೆಗೆ ಪೈಥಾನಿನ ಹೊಸ ಆವೃತ್ತಿ ಪ್ರತಿ ಅಕ್ಟೋಬರಿಗೆ ಬರುತ್ತದೆ. ಹಾಗಾಗಿ ನಮ್ಮಲ್ಲಿ ಅಟ್ಟದಿಂದ ದಸರಾ ಗೊಂಬೆ ಇಳಿಯುವ ಹೊತ್ತಿಗೆ ಇವನೂ ಇಳಿಯುತ್ತಾನೆ.

ಇದ್ದದ್ದನ್ನು ಕಿತ್ತು ಹಾಕಿದ. ಇನ್‌ಸ್ಟಾಲರಿನ ಮೊದಲ ಕಿಟಕಿಯ ತಳದಲ್ಲಿ, ಪೈಥಾನನ್ನು ಪಾತ್‌ಗೆ (ಯಂತ್ರ ತಂತ್ರಾಂಶಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸಲೋ ಎಂದು ಕೇಳುವ ಪುಟ್ಟ ಚೌಕವಿರುತ್ತದೆ. ಅದಕ್ಕೆ ನಾವೇ ಟಿಕ್ ಹಾಕಬೇಕು. "ಲೋಕವೆಲ್ಲ ಎಡವೋದು ಇಲ್ಲೇ ಭಾವ!" ಎಂದು ನನ್ನತ್ತ ತಿರುಗಿ ಉಪನ್ಯಾಸ ಕೊಡುತ್ತಾ, ಟಿಕ್ ಹಾಕದೆ ಇನ್‌ಸ್ಟಾಲ್ ಒತ್ತಿಬಿಟ್ಟ. ನಾನು ತಲೆದೂಗುತ್ತಿದ್ದೆ. ಪ್ರಿಂಟರಿಗೆ ಕಾಗದ ತುಂಬಿದ್ದನ್ನೇ ಸಾಧನೆಯೆಂದು ಹೇಳಿಕೊಳ್ಳುವ ನಾನು ಇನ್ನೇನು ಮಾಡಿಯೇನು?

ಆಜ್ಞೆ ಕೊಡುವ ಕಪ್ಪು ಕಿಟಕಿಯಲ್ಲಿ ಪೈಥಾನ್ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟಿನವರ ಅಂಗಡಿ ತೆರೆದುಕೊಂಡಿತು. ಅವನ ಮುಖದಲ್ಲಿ ಬೇಸರವಿಲ್ಲ, ಕಳೆ! ಸಿಸ್ಟಂ ಸೆಟ್ಟಿಂಗಿನ ಏಳು ಸುತ್ತಿನ ಕೋಟೆ ದಾಟಿ, ಕೈಯಾರೆ ಪಾತ್ ಸೇರಿಸಿ ಬಂದ. ಆದರೆ ಮೊದಲೇ ತೆರೆದಿದ್ದ ಆ ಕಪ್ಪು ಕಿಟಕಿಗೆ ಹೊಸ ಪಾತ್ ತಿಳಿಯುವುದಿಲ್ಲ. ಮುಚ್ಚಿ ಇನ್ನೊಂದು ತೆರೆದರೆ ಸಾಕು. ಇವನು ಇಡೀ ಯಂತ್ರವನ್ನೇ ರೀಸ್ಟಾರ್ಟ್ ಮಾಡಿದ. ವಿಂಡೋಸ್ ಅಪ್‌ಡೇಟಿಗೆ ಕೂತಿತು. ನಾವು ಊಟಕ್ಕೆ ಕೂತೆವು.

ಊಟವಾದ ಮೇಲೆ "ಇರ್ಲಿ ಭಾವ" ಎಂದು ಜಾವಾ ಕೂಡ ಹಾಕಿದ. ಜಾವಾ ಮುನ್ನೂರು ಕೋಟಿ ಸಾಧನಗಳಲ್ಲಿ ಓಡುತ್ತದೆಯೆಂದು ಅದರ ಹಳೆಯ ಇನ್‌ಸ್ಟಾಲರ್ ಜಂಬ ಕೊಚ್ಚಿಕೊಂಡಿತು. ಅದಕ್ಕೆ ನಮ್ಮದೂ ಒಂದು ಸೇರಿತು. ಮನೆಯಲ್ಲಿ ಜಾವಾ ಬರೆಯುವವರು ಯಾರೂ ಇಲ್ಲ. ಹೋಗುವ ಮುಂಚೆ ನಮ್ಮ ವೈಫೈ, ಯುಪಿಎಸ್, ಮೌಸ್ ಪ್ಯಾಡ್ ಮೂರನ್ನೂ ಅವನು ಬೈದದ್ದನ್ನು ವಿವರಿಸುವುದಿಲ್ಲ.

ಅವನ ಅಕ್ಕ ಒಮ್ಮೆ ಹೇಳಿದಳು: ಆಫೀಸಿನ ಲ್ಯಾಪ್‌ಟಾಪಿನಲ್ಲಿ ಒಂದು ಸಣ್ಣ ತಂತ್ರಾಂಶ ಹಾಕಿಕೊಳ್ಳಲೂ ಅವನಿಗೆ ಅಧಿಕಾರವಿಲ್ಲವಂತೆ. ಅಡ್ಮಿನ್ ಪಾಸ್‌ವರ್ಡ್ ಇನ್ಯಾರದೋ ಕೈಯಲ್ಲಿ. ಟಿಕೆಟ್ ಎತ್ತಬೇಕು, ಕಾಯಬೇಕು. ವಾರವಿಡೀ ಅಪ್ಪಣೆ ಕೇಳುವವನಿಗೆ, "ಈ ತಂತ್ರಾಂಶಕ್ಕೆ ಅನುಮತಿ ಕೊಡಲೇ?" ಎಂದು ಕೈಕಟ್ಟಿ ಕೇಳುವ ಯಂತ್ರ ನಮ್ಮ ಮನೆಯದೊಂದೇ. ಸಂಜೆ ಪರದೆಯ ಮೇಲೆ 'ಹಲೋ ವರ್ಲ್ಡ್' ಮೂಡಿದಾಗ ಅವನು ನಕ್ಕ ನಗು ನೋಡಬೇಕಿತ್ತು. ಬೆಳಿಗ್ಗೆಯೂ ಅದು ಬರುತ್ತಿತ್ತೆಂದು ಮಗಳು ಹೇಳಲಿಲ್ಲ. ಮಾವನಿಗೆ ಇನ್ನೊಂದು ಲೋಟ ಕಾಫಿ ತಂದಳು.

ನೀವೇ ಪೈಥಾನ್ ಹಾಕಿಕೊಳ್ಳುವುದಾದರೆ ಆ ಚೌಕಕ್ಕೆ ಮರೆಯದೆ ಟಿಕ್ ಹಾಕಿ. ಭಾವಮೈದುನ ಬರುವವನಿದ್ದರೆ ಹಾಕಬೇಡಿ, ಅವನಿಗೂ ಒಂದಿಷ್ಟು ಕೆಲಸವಿರಲಿ.