ಲಿಮಿಟ್ಟಣ್ಣ

ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಊಟ ಆಯಿತಾ ಅಂತ ಕೇಳುತ್ತಾರೆ, ಆಮೇಲೆ ಅಡಿಕೆಗೆ ರೇಟ್ ಎಷ್ಟಾಯಿತು ಅಂತ. ಲಿಮಿಟ್ಟಣ್ಣ ಎರಡನ್ನೂ ಕೇಳುವುದಿಲ್ಲ. "ನಿಮ್ಮದು ಲಿಮಿಟ್ ಎಷ್ಟುಂಟು ಮಾರಾಯ್ರೆ?" ಅನ್ನುತ್ತಾರೆ. ಗೊತ್ತಿಲ್ಲದವರು ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ "ಎರಡು ಪೆಗ್" ಎಂದದ್ದೂ ಉಂಟು. ಅವರು ಕೇಳಿದ್ದು ಕ್ರೆಡಿಟ್ ಕಾರ್ಡಿನ ಲಿಮಿಟ್.

ಈ ಜಾತಿಯವರು ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾರೆ, ಮೂಡುಬಿದಿರೆಯಲ್ಲಿ ಮಗಳನ್ನು ಹಾಸ್ಟೆಲಿಗೆ ಬಿಡಲು ಬಂದವರಲ್ಲಿ ಸಿಗುತ್ತಾರೆ. ಬೆಳ್ತಂಗಡಿ, ಗುರುವಾಯನಕೆರೆ ಕಡೆ ಯಾವ ಮದುವೆಯ ಹಾಲಿಗೆ ಹೋದರೂ ಒಬ್ಬರಂತೂ ಗ್ಯಾರಂಟಿ. ಪರ್ಸಿನಲ್ಲಿ ನೋಟು ಇರುವುದಿಲ್ಲ, ಬರೀ ಕಾರ್ಡು. ಅದರಲ್ಲೊಂದು ಲೋಹದ್ದು. ಕಲ್ಲಡ್ಕದಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯಲು ಕೂತರೆ, ಹಾಲು ಕೆಳಗೆ, ಡಿಕಾಕ್ಷನ್ ಮೇಲೆ ನಿಂತ ಆ ಗ್ಲಾಸಿಗೆ ಕಾರ್ಡಿನ ಅಂಚಿನಿಂದ ಒಮ್ಮೆ ಕುಟ್ಟುತ್ತಾರೆ. ಟಿಣ್! "ಕೇಳಿತಾ? ಪ್ಲಾಸ್ಟಿಕ್ ಅಲ್ಲ."

ಹಾಗೆ ನೋಡಿದರೆ ನಮ್ಮದು ಬ್ಯಾಂಕು ಹೆತ್ತ ನೆಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು. 1928ರಲ್ಲಿ ಸಿಂಡಿಕೇಟಿನವರು ದಿನಕ್ಕೆ ಎರಡಾಣೆ ಕೂಡಿಡಿ ಎಂದು ಮನೆಬಾಗಿಲಿಗೇ ಬಂದು ಪಿಗ್ಮಿ ಕಟ್ಟಿಸಿಕೊಂಡರು. ಲಿಮಿಟ್ಟಣ್ಣನ ಅಜ್ಜನಿಗೆ ಪಿಗ್ಮಿ ಪಾಸ್‌ಬುಕ್ಕೇ ದೊಡ್ಡಸ್ತಿಕೆ. ಮೊಮ್ಮಗನ ದೊಡ್ಡಸ್ತಿಕೆ ಎಂದರೆ ಅವರಿಗೆ ಎಷ್ಟು ಸಾಲ ಹುಟ್ಟುತ್ತದೆ ಎಂಬುದು. ಹದಿನೈದು ಲಕ್ಷ ಲಿಮಿಟ್ ಎನ್ನುವಾಗ ಆ ಹದಿನೈದು ಲಕ್ಷ ಅವರದ್ದೇ ಅನ್ನುವ ಧ್ವನಿ. ನಮ್ಮನ್ನು ಕೇಳದೆ ಬ್ಯಾಂಕು ಲಿಮಿಟ್ ಏರಿಸುವ ಹಾಗಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಕಟ್ಟುನಿಟ್ಟು ಮಾಡಿತು. ಲಿಮಿಟ್ಟಣ್ಣನಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಮೆಸೇಜು ರಾತ್ರಿ ಎಷ್ಟು ಹೊತ್ತಿಗೆ ಬರಲಿ, ಎದ್ದು ಕೂತು ಒಪ್ಪಿಗೆ ಒತ್ತುತ್ತಾರೆ.

ಇಂಥವರು ಹೊಸ ಕಾರು ತೆಗೆಯಲು ಶೋರೂಮಿಗೆ ಹೋದರು. ಬುಕಿಂಗ್ ಹಣ ಮೊದಲೇ ಕಟ್ಟಿ ಆಗಿತ್ತು. ಬಾಕಿ ಹನ್ನೆರಡು ಲಕ್ಷ. ಮೇಜಿನ ಮೇಲೆ ಕಾರ್ಡ್ ಇಟ್ಟರು. ಟಿಣ್.

"ಸರ್, ಕಾರ್ಡಿನಲ್ಲಿ ಬುಕಿಂಗ್ ಅಮೌಂಟ್ ಮಾತ್ರ ತಗೊಳ್ಳುವುದು" ಎಂದ ಹುಡುಗ. "ಪೂರ್ತಿ ಉಜ್ಜುವುದಾದರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಆಗ್ತದೆ. ಅದಕ್ಕೆ ಜಿಎಸ್‌ಟಿ ಬೇರೆ."

ಹುಡುಗನದ್ದು ತಪ್ಪಲ್ಲ. ಕಾರಿನಲ್ಲಿ ಡೀಲರಿಗೆ ಉಳಿಯುವುದೇ ಕಡಿಮೆ. ಅದರಲ್ಲಿ ಕಾರ್ಡಿನವರಿಗೂ ಪಾಲು ಕೊಟ್ಟರೆ ಅವರು ತಿನ್ನುವುದೆಂತ? ಎರಡು ಪರ್ಸೆಂಟ್ ಎಂದರೆ 24,000, ತೆರಿಗೆ ಸೇರಿ 28,320. ಲಿಮಿಟ್ಟಣ್ಣ ಮೊಬೈಲಿನಲ್ಲಿ ಲೆಕ್ಕ ಹಾಕಿದರು. ನೂರು ರೂಪಾಯಿಗೆ ಒಂದು ಪಾಯಿಂಟ್, ಹನ್ನೆರಡು ಸಾವಿರ ಪಾಯಿಂಟ್. ಒಂದು ಪಾಯಿಂಟಿಗೆ ನಾಲ್ಕಾಣೆಯಂತೆ ಮೂರು ಸಾವಿರ ರೂಪಾಯಿ. "ಮೂರು ಸಾವಿರ ಫ್ರೀ! ಮತ್ತೆ ಐವತ್ತು ದಿನ ಬಡ್ಡಿ ಇಲ್ಲ. ಉಜ್ಜಿ."

ಉಜ್ಜಿದರೆ ಆಗಲಿಲ್ಲ. ಅಷ್ಟರಲ್ಲಿ ಬ್ಯಾಂಕಿನಿಂದ ಫೋನು, ಇಷ್ಟು ದೊಡ್ಡ ಮೊತ್ತ ನಿಮ್ಮದೇನಾ ಅಂತ. ಲಿಮಿಟ್ಟಣ್ಣ ಎದ್ದು ನಿಂತರು. ಶೋರೂಮಿನ ಆ ಮೂಲೆಗೂ ಕೇಳಬೇಕು, ಹಾಗೆ ಕೂಗಿದರು: "ಹಾಂ ಜೀ, ಬಾರಾ ಲಾಖ್! ಮೈಂಯೇ!" ಅವರ ಮದುವೆಯ ಫೋಟೋದಲ್ಲೂ ಮುಖಕ್ಕೆ ಅಂಥ ಕಳೆ ಇಲ್ಲ.

ಮನೆಯಲ್ಲಿ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. ಅವರು ಧರ್ಮಸ್ಥಳದ ಸ್ವಸಹಾಯ ಸಂಘದ ಸದಸ್ಯೆ, ವಾರದ ಕಂತಿನ ಲೆಕ್ಕ ಬಾಯಿಪಾಠ. "ಇದಕ್ಕೆ ವಾರಕ್ಕೆ ಎಷ್ಟು ಕಟ್ಟಬೇಕು?"

"ವಾರಕ್ಕೆ ಎಂತದೂ ಇಲ್ಲ. ಅಡಿಕೆ ಕೊಟ್ಟು ಒಮ್ಮೆಲೇ ಮುಗಿಸುವುದು."

ಅಡಿಕೆ ಅಟ್ಟದಲ್ಲಿ ಗೋಣಿಯಲ್ಲಿತ್ತು, ಡಬಲ್ ಚೋಲ್ ಆಗಲು, ಅಂದರೆ ಇನ್ನಷ್ಟು ಹಳತಾಗಿ ರೇಟು ಏರಲು, ಕಾಯುತ್ತಿತ್ತು. ಅಡಿಕೆ ಕಾದೀತು, ಬಿಲ್ಲು ಕಾಯುವುದಿಲ್ಲವಲ್ಲ! ಕಡೆಯ ದಿನ ಹತ್ತಿರ ಬರುವಾಗ ರೇಟು ಸರಿಯಾಗಿ ಇಳಿಯಿತು. ಮಿನಿಮಮ್ ಡ್ಯೂ ಎಂದು ಅರವತ್ತು ಸಾವಿರ ಕಟ್ಟಿದರೆ ಸಾಕು ಎಂದು ಬಿಲ್ಲಿನಲ್ಲಿತ್ತು. ಲಿಮಿಟ್ಟಣ್ಣನಿಗೆ ಆ ಸಾಲು ಬಹಳ ಹಿಡಿಸಿತು. ಕೆಳಗಿನ ಸಣ್ಣ ಅಕ್ಷರ ಓದಿದ್ದು ಹೆಂಡತಿ. ತಿಂಗಳಿಗೆ ಮೂರೂವರೆ ಪರ್ಸೆಂಟ್, ಅಂದರೆ ಹನ್ನೆರಡು ಲಕ್ಷಕ್ಕೆ 42,000, ಮೇಲೆ ಜಿಎಸ್‌ಟಿ. ಸಂಘದಲ್ಲಿ ಇಂಥ ಬಡ್ಡಿ ಹೇಳಿದರೆ ಮೀಟಿಂಗ್ ಅರ್ಧಕ್ಕೇ ಮುಗಿದೀತು. ಮರುದಿನ ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ಇಬ್ಬರೂ ಸೊಸೈಟಿಯ ಮೆಟ್ಟಿಲಲ್ಲಿದ್ದರು, ಹೆಂಡತಿಯ ಕೈಚೀಲದಲ್ಲಿ ಕರಿಮಣಿ ಒಂದು ಬಿಟ್ಟು ಉಳಿದ ಚಿನ್ನವೆಲ್ಲ. ಲೋಹದ ಕಾರ್ಡಿನ ಸಾಲ ಅಡವಿನ ಸಾಲದಲ್ಲಿ ತೀರಿತು.

ಕಾರಿಗೆ ಕೆಎ-70 ನಂಬರು ಬಂದಿದೆ. ಬಿಲ್ಲು ಪೂರ್ತಿ, ಅದೂ ಸಮಯಕ್ಕೆ ಸರಿಯಾಗಿ ಕಟ್ಟಿದರೆಂದು ಬ್ಯಾಂಕಿಗೆ ಸಂತೋಷವಾಗಿ ಲಿಮಿಟನ್ನು ಹದಿನೆಂಟು ಲಕ್ಷಕ್ಕೆ ಏರಿಸಲೇ ಎಂದು ಕೇಳಿತು. ಒಪ್ಪಿಗೆ ಒತ್ತಿ ಆಗಿದೆ.

ನಿಮಗೆ ಎಲ್ಲಾದರೂ ಹೋಟೆಲಿನಲ್ಲಿ ಸಿಕ್ಕಿದರೆ, ಇಡೀ ಟೇಬಲಿನ ಬಿಲ್ಲು ನಾನೇ ಕೊಡುತ್ತೇನೆ ಎಂದು ಅವರು ಏಳುವುದು ಖಂಡಿತ. ತಡೆಯಬೇಡಿ. ಪಾಯಿಂಟ್ ಅವರಿಗೆ ಬೇಕು. ಕೈ ತೊಳೆದು ಬರುವಷ್ಟರಲ್ಲಿ ನಿಮ್ಮ ಪಾಲು 85 ರೂಪಾಯಿ ಜೀಪೇ ಮಾಡಿಬಿಡಿ.